ಮಾವನ ತೊಡೆ, ಮರಿಯ ಕಿವಿ

ಕಳೆದ ವರ್ಷ ಆಗಸ್ಟ್ ತಿಂಗಳ ಮೂರನೆಯ ಭಾನುವಾರ ಗಂಗಾವತಿಯ ನನ್ನ ಅಕ್ಕನ ಮನೆಯಲ್ಲಿ ನಡೆಯಬೇಕಿದ್ದ ಡಾಬರ್‌ಮನ್ ಮರಿಯ ಕಿವಿ ಕತ್ತರಿಸುವ ಕಾರ್ಯಕ್ರಮ, ಸೋದರಮಾವ ಬಾರದ ಕಾರಣ ಮುಂದಕ್ಕೆ ಹೋಯಿತು. ಸೋದರಮಾವ ನಾನು.

ಕೊಪ್ಪಳದಲ್ಲಿದ್ದು ದಿನಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಬರೆಯುವುದು ನನ್ನ ಕೆಲಸ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬುದೆಲ್ಲ ಮೊದಲ ಪ್ಯಾರಾದಲ್ಲೇ ಬರಬೇಕೆಂದು ಕಲಿತವನು. ಮೇಲಿನ ಪ್ಯಾರಾದಲ್ಲಿ ಐದೂ ಇವೆ. ಆದರೂ ಅದನ್ನು ಓದಿದ ಸಹೋದ್ಯೋಗಿಯೊಬ್ಬರು, "ಎಲ್ಲಾ ತಿಳೀತು, ಏನೂ ತಿಳೀಲಿಲ್ಲ," ಅಂದರು. ಆದ್ದರಿಂದ ಹಿಂದಿನಿಂದ ಹೇಳುತ್ತೇನೆ. ಯಾರ ಹೆಸರೂ ಇರುವುದಿಲ್ಲ. ಮರಿಗೂ ಒಂದು ಹೆಸರಿದೆ, ಬಹಳ ಜನ ಸೇರಿ ಇಟ್ಟದ್ದು. ಆದರೆ ಘಟನೆಯ ವೇಳೆ ಅದು ಅಪ್ರಾಪ್ತ ವಯಸ್ಸಿನದಾಗಿತ್ತು. ಅಂಥವರ ಹೆಸರನ್ನು ನಾವು ಅಚ್ಚು ಹಾಕುವುದಿಲ್ಲ.

ಭಾವ ಅಕ್ಕಿ ವ್ಯಾಪಾರಿ. ಮರಳಿ ರಸ್ತೆಯಲ್ಲಿ ಅವರದೊಂದು ಗೋದಾಮಿದೆ. ಗೋದಾಮಿಗೆ ಕಾವಲು ಬೇಕೆಂದು ಜುಲೈ ಕೊನೆಯಲ್ಲಿ ಹೊಸಪೇಟೆ ಕಡೆಯಿಂದ ಮರಿ ತಂದರು. ಹೆಣ್ಣುಮರಿ, ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ. ಬಾಲ ಇರಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಮಾರುವವರೇ ಅದನ್ನು ತೆಗೆಸಿದ್ದರು. ಭಾವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಐದನೇ ತರಗತಿ ಓದುವ ಮಗಳಿಗೆ ಕಂಡಿತು.

"ಅಪ್ಪಾ, ಇದರದು ಉಳದದ್ದು ಎಲ್ಲೈತಿ?" ಅಂದಳು. ಕಾರಿನ ಸೀಟಿನ ಕೆಳಗೂ ಬಗ್ಗಿ ನೋಡಿದಳು.

ಬಾಲವಿಲ್ಲದ ಮರಿ ಖುಷಿಯಾದಾಗ ಅಲ್ಲಾಡಿಸಲು ಏನೂ ಸಿಗದೆ ಸೊಂಟದಿಂದ ಹಿಂದಿನದನ್ನೆಲ್ಲ ಅಲ್ಲಾಡಿಸುತ್ತಿತ್ತು. ಖುಷಿ ಹೆಚ್ಚಾದರೆ ಆಯ ತಪ್ಪಿ ಬೀಳುತ್ತಿತ್ತು. ಬಿದ್ದದ್ದಕ್ಕೆ ಮತ್ತೆ ಖುಷಿಪಟ್ಟು ಮತ್ತೆ ಬೀಳುತ್ತಿತ್ತು. ಮೊದಲ ವಾರ ಆ ಮನೆಯಲ್ಲಿ ಯಾರೂ ಟಿವಿ ಹಚ್ಚಲಿಲ್ಲವೆಂದು ಅಕ್ಕ ಹೇಳಿದ್ದಾಳೆ.

ಪ್ರಕರಣದ ಮೂಲ ಇರುವುದು ಆ ವಾರದ ಶುಕ್ರವಾರದಲ್ಲಿ. ಭಾವನ ತಾಯಿಯನ್ನು ಮೊಮ್ಮಗಳು ಆಯಿ ಅನ್ನುತ್ತಾಳೆ, ಹಾಗಾಗಿ ನಾವೆಲ್ಲ ಆಯಿ ಅನ್ನುತ್ತೇವೆ. ಶ್ರಾವಣದ ಶುಕ್ರವಾರ ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಮರಿ ಎಲ್ಲರ ಸೀರೆ ಸೆರಗಿಗೂ ಜೋತುಬಿತ್ತು. ಯಾರೋ, "ತೊಟ್ಟಿಲಿಗೆ ಹಾಕ್ರಿ ಇದನ್ನ, ಸುಮ್ಮನಾಕೈತಿ," ಅಂದರು. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗಿಳಿಯಿತು. ಆಯಿ ಕಡಲೆ ಬೇಯಿಸಿ ಗುಗ್ಗರಿ ಮಾಡಿದರು. ಜೋಗುಳವೂ ಆಯಿತು. ಮಗುವಿನ ಕಿವಿಯಲ್ಲಿ ಸೋದರತ್ತೆ 'ಕುರ್ರ್' ಎಂದು ಹೆಸರು ಹೇಳುವುದು, ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಭಾವನ ತಂಗಿ ಬಗ್ಗಿ 'ಕುರ್ರ್' ಅಂದರು. ಮರಿ ಅವರ ಕಿವಿಯೋಲೆ ಹಿಡಿದುಕೊಂಡಿತು. ಅವರು ಬಿಡಿಸಿಕೊಳ್ಳಲಾರದೆ ಕೂಗುತ್ತಿದ್ದರೆ ಹೆಂಗಸರು ಇದೂ ಪದ್ಧತಿಯ ಭಾಗವೆಂದು ಇನ್ನೂ ಜೋರಾಗಿ ಗುದ್ದಿದರು. ಭಾವ ಇದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿದರು. ವಿಡಿಯೊದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ಅವರದೇ ನಗು.

ಅಷ್ಟು ನಗಬಾರದಿತ್ತು ಎಂದು ಭಾವನಿಗೆ ತಿಳಿದದ್ದು ಆಮೇಲೆ.

ಅವರ ತಲೆಯಲ್ಲಿ ಇದ್ದದ್ದು ಬೇರೆ ಚಿತ್ರ. ಮೊಬೈಲಿನಲ್ಲಿ ಒಂದು ಡಾಬರ್‌ಮನ್ ಫೋಟೊ ಇಟ್ಟುಕೊಂಡಿದ್ದರು. ಅದರ ಕಿವಿ ಎರಡೂ ಎತ್ತಿನ ಕೊಂಬಿನ ಹಾಗೆ ಸೆಟೆದು ನಿಂತಿದ್ದವು. ಆ ಜಾತಿಗೆ ಹುಟ್ಟಿನಿಂದ ಕಿವಿ ಹಾಗೆ ಬರುವುದಿಲ್ಲ. ಮರಿ ಮೂರು ತಿಂಗಳು ತುಂಬುವ ಆಸುಪಾಸಿನೊಳಗೆ ಕಿವಿಯ ಹೊರಅಂಚು ಕತ್ತರಿಸಿ, ಹೊಲಿದು, ವಾರಗಟ್ಟಲೆ ಪಟ್ಟಿ ಕಟ್ಟಿ ನಿಲ್ಲಿಸಬೇಕು. ದಿನ ಮೀರಿದರೆ ಕತ್ತರಿಸಿದರೂ ನಿಲ್ಲುವುದು ಕಷ್ಟ. ನಮ್ಮ ಮರಿಯ ಕಿವಿಯಾದರೋ ಹಗ್ಗಕ್ಕೆ ಒಣಹಾಕಿದ ವಸ್ತ್ರದಂತೆ ಎರಡೂ ಕಡೆ ಜೋತುಬಿದ್ದಿದ್ದವು.

"ಇದರ ಮಾರಿ ನೋಡಿದ ಕಳ್ಳ ಓಡಂಗಿಲ್ಲ, ಬಿಸ್ಕೀಟ್ ತರತಾನ," ಎಂಬುದು ಭಾವನ ವಾದ.

ಅವರು ಮೊದಲು ಹೋದದ್ದು ಸರ್ಕಾರಿ ಪಶು ಆಸ್ಪತ್ರೆಗೆ, ಮಗಳನ್ನೂ ಕರೆದುಕೊಂಡು. ಅಲ್ಲಿ ನಡೆದ ಮಾತನ್ನು ಮಗಳಿಂದಲೂ ಪಶುವೈದ್ಯರಿಂದಲೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ. ಎರಡೂ ಒಂದೇ ಇವೆ.

"ರೋಗ ಇದ್ರ ಕೊಯ್ತೀನ್ರಿ. ಚಂದ ಕಾಣಾಕ ಅಂತ ಕೊಯ್ಯಂಗಿಲ್ಲ. ನಮಗ ಹಂಗ ಮಾಡಾಕ ಬರಂಗೂ ಇಲ್ಲ," ಅಂದರು ವೈದ್ಯರು.

"ಹೋರಿ ಬೀಜ ಒಡೀತೀರಿ. ಬೀದಿನಾಯಿಗೆ ಸಂತಾನ ಬಂದ್ ಮಾಡ್ತೀರಿ. ಅದೇನು ರೋಗೇನ್ರಿ?" ಅಂದರು ಭಾವ.

"ಅದರಿಂದ ನಾಯಿಗೂ ಉಪಯೋಗ, ಊರಿಗೂ ಉಪಯೋಗ. ಕಿವಿ ಕೊಯ್ದ್ರ ಯಾರಿಗ್ರಿ?"

"ನನಗರಿ."

"ಹಂಗಾರ ಬರ್ರಿ, ನಿಮ್ಮವ ಕೊಯ್ಯೋಣು."

ಮಗಳು ಆಸ್ಪತ್ರೆಯ ಬೆಂಚಿನಿಂದ ಕೆಳಗೆ ಬಿದ್ದಳು. ನಕ್ಕು ಬಿದ್ದದ್ದು ಎಂದು ವೈದ್ಯರು ಖಚಿತಪಡಿಸಿದ್ದಾರೆ.

ಭಾವ ಬಿಡಲಿಲ್ಲ. ಮರಿ ಮಾರಿದವರನ್ನೇ ಕೇಳಿ, ಮನೆಗೆ ಬಂದು ಕೆಲಸ ಮಾಡಿಕೊಡುವ ಒಬ್ಬರನ್ನು ಹುಡುಕಿದರು. ಅವರು ಪಶುವೈದ್ಯರಲ್ಲ. ಮನೆಯಲ್ಲಿ ಅವರನ್ನು 'ಕಿವಿಯವರು' ಎಂದು ಕರೆಯತೊಡಗಿದರು. ನಾನೂ ಹಾಗೇ ಕರೆಯುತ್ತೇನೆ. ಭಾನುವಾರ ಬರುತ್ತಾರೆಂದು ಭಾವ ಊಟದ ಹೊತ್ತಿಗೆ ಹೇಳಿದರು. ಮಗಳು ರೊಟ್ಟಿ ಬಿಟ್ಟು ಎದ್ದಳು. ಅಳಲಿಲ್ಲ, ಕೂಗಲಿಲ್ಲ, ಸೀದಾ ಹೋಗಿ ಆಯಿಯ ಪಕ್ಕ ಕುಳಿತಳು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಇಂದಿನವರೆಗೆ ಬಾಯಿ ಬಿಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಆಯಿ ಕೇಳಿದರು.

"ಕಿವಿ ಕೆಲಸ ಅಂದಿ. ಸ್ವಾದರಮಾವಗ ಹೇಳೀಯೇನು?"

"ಯವ್ವಾ, ನಾಯಿಗೆಂಥಾ ಸ್ವಾದರಮಾವ?"

"ನಿನ್ನ ಮಗಳ ಕಿವಿ ಚುಚ್ಚಿಸಿದಾಗ ಯಾರ ತೊಡಿ ಮ್ಯಾಲ ಕುಂತಿದ್ಲು?"

"ಅಕಿ ಮನಶಾಳು."

"ಇದನ್ನೂ ತೊಟ್ಟಿಲಿಗೆ ಹಾಕಿದ್ವಿ. ಗುಗ್ಗರಿ ತಿಂದಿ. ಊರ ಮಂದಿ ಮುಂದ ಮಗಳು ಅಂತ ಹೆಸರಿಟ್ಟಿ. ಈಗ ಕಿವಿಗೆ ಬಂದಾಗ ನಾಯಿ ಆತೇನು?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ, "ನನ್ನ ತಮ್ಮ ಇಲ್ಲದಂಗ ನಮ್ಮನಿಯಾಗ ಕಿವಿ ಕೆಲಸ ಆದದ್ದಿಲ್ಲ ನೋಡ್ರಿ," ಎಂದು ಅನ್ನ ಬಡಿಸಿದಳಂತೆ.

ಹೀಗೆ ನನಗೆ ಫೋನ್ ಬಂತು. ಮೊದಲು ಮಾತಾಡಿದವರು ಭಾವ.

"ಏನಪಾ, ಭಾನುವಾರ ಬಂದು ಒಂದೀಟು ಕುಂದ್ರು. ತೊಡಿ ಅಷ್ಟ ಬೇಕಾಗೈತಿ, ಉಳದ ನಿನ್ನ ಜರೂರಿಲ್ಲ."

ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ: ಇದಕ್ಕೆ ಕಾಯ್ದೆಯ ತೊಡಕಿದೆ, ಪ್ರಾಣಿಹಿಂಸೆ ಎಂದು ಯಾರಾದರೂ ದೂರು ಕೊಟ್ಟರೆ ಕಷ್ಟ.

"ಯಾರು ಕೊಡತಾರ? ನೀ ಬರೀತೀಯೇನು ಪೇಪರಿನಾಗ?"

"ಹೆಸರು ಹಾಕದ ಬರೀಬಹುದು," ಅಂದೆ.

ಅಷ್ಟರಲ್ಲಿ ಹುಡುಗಿ ಫೋನ್ ಕಸಿದುಕೊಂಡು ಮಾಳಿಗೆ ಹತ್ತಿದ್ದಳು. ಉಸಿರಿನ ಸದ್ದು ಮೊದಲು ಬಂತು. "ಮಾಮಾ, ನೀ ಬರಬ್ಯಾಡ. ನೀ ಬರಲಿಲ್ಲಂದ್ರ ಮಾಡಂಗಿಲ್ಲಂತ."

ಆ ಭಾನುವಾರ ನನಗೆ ಕೊಪ್ಪಳದಲ್ಲಿ ನಿಜವಾಗಿಯೂ ಕೆಲಸವಿತ್ತು, ಸಚಿವರೊಬ್ಬರು ಬರುವವರಿದ್ದರು. ಹೋಗಲಿಲ್ಲ. ಮೊದಲ ಪ್ಯಾರಾದ ಘಟನೆ ಅದೇ. ಇದರಿಂದ ಹುಡುಗಿ ಎರಡು ವಿಷಯ ಕಲಿತಳು. ಮಾವ ಬಾರದಿದ್ದರೆ ಕಾರ್ಯ ನಿಲ್ಲುತ್ತದೆ. ಮಾವನಿಗೆ ಸುಳ್ಳು ನೆವ ಹೇಳಲು ಬರುವುದಿಲ್ಲ. ಹಾಗಾಗಿ ನಿಜವಾದ ನೆವಗಳನ್ನು ಹುಡುಕುವುದು ಅವಳ ಪಾಲಿಗೆ ಬಂತು. ನಮ್ಮದೇ ಪತ್ರಿಕೆಯ 'ನಾಳಿನ ಕಾರ್ಯಕ್ರಮ' ಅಂಕಣವನ್ನು ಅಷ್ಟು ಶ್ರದ್ಧೆಯಿಂದ ಓದಿದ ಇನ್ನೊಬ್ಬ ಓದುಗರು ನನಗೆ ಗೊತ್ತಿಲ್ಲ.

"ಮಾಮಾ, ಯಲಬುರ್ಗಾದಾಗ ರಕ್ತದಾನ ಐತಂತ. ಹೋಗಬೇಕಲ್ಲ ನೀ?"

"ಅಲ್ಲಿ ಬ್ಯಾರೆಯವರು ಹೋಗತಾರವ್ವ."

"ಕುಕನೂರಾಗ ವಾಲಿಬಾಲ್?"

"ಅದೂ ಬ್ಯಾರೆಯವರು."

"ಹಂಗಾರ ನೀ ಏನ್ ಮಾಡ್ತಿ ಮಾಮಾ, ಪೇಪರಿನಾಗ?"

ಮುಂದಿನ ಭಾನುವಾರ ನಾನು ಕುಷ್ಟಗಿ ಕಡೆ ಕುರಿಗಳಿಗೆ ಲಸಿಕೆ ಹಾಕುವ ಸುದ್ದಿಗೆ ಹೋಗಬೇಕಿತ್ತು. ಇದನ್ನು ಅವಳು ಮನೆಯಲ್ಲಿ ಪ್ರಕಟಿಸಿದ ರೀತಿಗೆ ಭಾವನಿಗೆ ಸಿಟ್ಟು ಬಂತೋ ಹುರುಪು ಬಂತೋ, ಬೆಳಿಗ್ಗೆಯೇ ಮಗಳನ್ನೂ ಮರಿಯನ್ನೂ ಕಾರಿಗೆ ಹಾಕಿಕೊಂಡು ಕೊಪ್ಪಳಕ್ಕೆ ಬಂದುಬಿಟ್ಟರು. "ಕಾರು ಹತ್ತು. ಕುಷ್ಟಗಿ ಕಡೆ ಕುರಿಯವರು ನಾಯಿ ಕಿವಿ ಮೊದಲಿಂದ್ಲೂ ಕೊಯ್ತಾರ. ಅವರೇನು ಪಾಪಿಗಳೇನು? ಕೇಳೂಣು ಬಾ," ಅಂದರು.

ಕುರಿಗಾರರು ಅಣ್ಣತಮ್ಮಂದಿರಿಬ್ಬರು. ಜಾಲಿಯ ನೆರಳಲ್ಲಿ ಕುಳಿತಿದ್ದರು. ಅವರ ನಾಯಿಯ ಎರಡೂ ಕಿವಿ ಬುಡದವರೆಗೆ ಇರಲಿಲ್ಲ. ಭಾವ ಗೆದ್ದವರ ಹಾಗೆ ನನ್ನ ಕಡೆ ನೋಡಿ, ಯಾಕೆ ಕೊಯ್ದದ್ದೆಂದು ಕೇಳಿದರು.

"ತ್ವಾಳ ಬಂದ್ರ ಕಿವಿಗೆ ಬಾಯಿ ಹಾಕತೈತ್ರಿ. ಕಿವಿ ಇಲ್ಲಂದ್ರ ಹಿಡಿಯಾಕ ಸಿಗಂಗಿಲ್ಲ," ಅಂದ ಅಣ್ಣ.

"ಇಲ್ಲದ ಮಾತ," ಅಂದ ತಮ್ಮ. "ತ್ವಾಳ ಹಿಡಿಯೋದು ಕುತಿಗಿ. ಕುತಿಗಿ ಕೊಯ್ಯೂಣೇನು ಹಂಗಾರ?"

"ನೀ ತ್ವಾಳ ಯಾವಾಗ ನೋಡೀಯೋ?"

"ನಿನ್ನ ಲಗ್ನದಾಗ. ಹುಡುಗಿ ಕಡೆಯವರ ಜೊತಿ ಬಂದಿತ್ತಲ್ಲ."

ಅಣ್ಣ ಕೋಲು ಎತ್ತಿದ. ತಮ್ಮ ಕುರಿಗಳ ನಡುವೆ ಹೋಗಿ ನಿಂತು ಅಲ್ಲಿಂದ ತನ್ನ ಹೇಳಿಕೆ ಮುಂದುವರಿಸಿದ. ಅವನ ಪ್ರಕಾರ ಕಿವಿ ಕೊಯ್ದರೆ ನಾಯಿಗೆ ಹೆಚ್ಚು ಕೇಳಿಸುತ್ತದೆ. ಅಣ್ಣನ ಪ್ರಕಾರ ಹಾಗಿದ್ದರೆ ತಮ್ಮನ ಕಿವಿಯನ್ನೇ ಮೊದಲು ಕೊಯ್ಯಬೇಕು, ಕರೆದರೆ ಕೇಳಿಸುವುದೇ ಇಲ್ಲ. ಅವರ ಅಪ್ಪ ಕೊಯ್ಯುತ್ತಿದ್ದ, ಇವರೂ ಕೊಯ್ದರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

"ಕೇಳಿದೇನಪಾ?" ಅಂದರು ಭಾವ. "ತ್ವಾಳಕ್ಕ."

"ಮರಳಿ ರಸ್ತೆಯಾಗ ತ್ವಾಳ ಅದಾವೇನು?" ಅಂದೆ.

"ಕಳ್ಳರು ಅದಾರಲ್ಲ."

"ಕಳ್ಳರು ಕಿವಿ ಕಡೀತಾರೇನಪ್ಪಾ?" ಅಂದಳು ಮಗಳು.

ಅಷ್ಟರಲ್ಲಿ ಕಿವಿಯಿಲ್ಲದ ದೊಡ್ಡ ನಾಯಿ ನಮ್ಮ ಮರಿಯ ಬಳಿ ಬಂದು ಮೂಸಿತು. ಮರಿ ಸೊಂಟ ಅಲ್ಲಾಡಿಸಿ ಅಲ್ಲಾಡಿಸಿ ಬಿತ್ತು. ಅಣ್ಣ ಕೋಲು ಕೆಳಗಿಟ್ಟು, "ಇದರ ಬಾಲ ಏನಾತ್ರಿ?" ಎಂದು ಕೇಳಿದ. ಕೊಯ್ದಿದ್ದಾರೆ ಅಂದೆವು. "ಯಾಕ್ರಿ?" ಭಾವ ಬಿದ್ದ ಮರಿಯನ್ನು ಎತ್ತಿ ನಿಲ್ಲಿಸಿದರು. ತಮ್ಮ ದೂರದಿಂದಲೇ, "ಊರಾಗ ತ್ವಾಳ ಹಿಂದಿಂದ ಬರತಾವ ಕಾಣತೈತಿ," ಅಂದ. ಅಣ್ಣತಮ್ಮಂದಿರು ಆ ಮಧ್ಯಾಹ್ನ ಮೊದಲ ಬಾರಿಗೆ ಕೂಡಿ ನಕ್ಕರು.

ವಾಪಸು ಬರುವಾಗ ಹುಡುಗಿ ಹಿಂದಿನ ಸೀಟಿನಿಂದ ನನ್ನನ್ನು ಪ್ರಶ್ನಿಸಿದಳು. ಪ್ರಶ್ನೆ ಕೇಳುವುದು ನನ್ನ ಕಸುಬು. ಉತ್ತರಿಸುವ ಕಡೆ ಕುಳಿತದ್ದು ಕಡಿಮೆ.

"ಮಾಮಾ, ನನ್ನ ಕಿವಿ ಚುಚ್ಚುವಾಗ ನನ್ನ ಕೇಳಿದ್ರೇನು?"

"ಇಲ್ಲ. ನಿನಗ ಮಾತ ಬರತಿದ್ದಿಲ್ಲ."

"ಅತ್ತಿದ್ನಾ?"

"ಅತ್ತಿದ್ದಿ. ನನ್ನ ಅಂಗಿ ಗುಂಡಿ ಕಿತ್ತಿದ್ದಿ. ಕಿವಿ ಚುಚ್ಚಿದ ಪತ್ತಾರನ ಕೈಗೆ ಕಡಿದಿದ್ದಿ."

"ಆಮ್ಯಾಲ?"

"ಪೇಡೆ ಕೊಟ್ವಿ, ಸುಮ್ಮನಾದಿ."

ಮುಂದಿನ ಸೀಟಿನ ಕಡೆ ಬಗ್ಗಿದಳು. "ಇದಕ್ಕ ಪೇಡೆನೂ ಕೊಡಬಾರದಂತ. ನಾಯಿಗೆ ಸಕ್ಕರಿ ಛಲೋ ಅಲ್ಲ ಅಂತ ಡಾಕ್ಟರ್ ಹೇಳ್ಯಾರ."

ಭಾವ ಗೇರ್ ಬದಲಿಸಿದರು. ಬದಲಿಸುವ ಅಗತ್ಯ ಇರಲಿಲ್ಲ, ರಸ್ತೆ ಸಪಾಟಾಗಿತ್ತು.

ಅದರ ಹಿಂದೆಯೇ ಗಣೇಶನ ಹಬ್ಬ ಬಂತು. ಆ ಮನೆಯಲ್ಲಿ ಗಣಪ್ಪನನ್ನು ಒಂದೇ ದಿನ ಇಡುವುದು ರೂಢಿ. ಈ ಸಲ ಹುಡುಗಿ ಹಟ ಹಿಡಿದು ಒಂಬತ್ತು ದಿನ ಇಡಿಸಿದಳು. ಆಕೆಯ ಭಕ್ತಿಗೆ ಓಣಿಯೇ ಬೆರಗಾಯಿತು. ಎರಡನೇ ದಿನ ಕಿವಿಯವರಿಗೆ ಫೋನ್ ಮಾಡಲು ಹೊರಟ ಭಾವನನ್ನು ಆಯಿ ತಡೆದರು.

"ಅಂವನ ಕಿವಿ ನೋಡು, ಮರದಷ್ಟು ಅದಾವ. ಅಂಥಾ ಕಿವಿಯವನ್ನ ಮನಿಯಾಗ ಕುಂದ್ರಿಸಿಕೊಂಡು ಇನ್ನೊಬ್ಬರ ಕಿವಿ ಕೊಯ್ತೀಯೇನು?"

ಮರವೆಂದರೆ ನಮ್ಮ ಕಡೆ ಅಕ್ಕಿ ಕೇರುವ ಮೊರ. ಅಕ್ಕಿ ವ್ಯಾಪಾರಿಗೆ ಆ ಹೋಲಿಕೆ ಸರಿಯಾಗಿ ತಾಗಿತು. ಒಂಬತ್ತು ದಿನವೂ ಭಾವ ಮೂರ್ತಿಯ ಮುಂದೆ ಹಾಯುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರೆಂದು ಅಕ್ಕ ವರದಿ ಮಾಡಿದಳು.

ಮೂರ್ತಿ ಕಾಲುವೆಗೆ ಹೋದ ಮರುದಿನವೇ ಭಾವ ಕೊಪ್ಪಳಕ್ಕೆ ಬಂದು ನನ್ನ ಮನೆಯ ಮುಂದೆ ಕಾರು ನಿಲ್ಲಿಸಿದರು. "ಇವತ್ತು ಸಚಿವರಿಲ್ಲ, ಕುರಿ ಇಲ್ಲ, ಗಣಪ್ಪಿಲ್ಲ. ನಡಿ." ನನಗೆ ಅಂದು ವಾರದ ರಜೆ. ಅದನ್ನೂ ಅವರು ವಿಚಾರಿಸಿಕೊಂಡೇ ಬಂದಿದ್ದರು. ಬರಿಗೈಲಿ ಬರಬೇಡವೆಂದು ಅಕ್ಕ ಫೋನಿನಲ್ಲಿ ಹೇಳಿದ್ದರಿಂದ, ದಾರಿಯಲ್ಲಿ ಇಳಿದು ಒಂದು ಕೆಂಪು ಕೊರಳಪಟ್ಟಿ ಕೊಂಡೆ.

ಪಡಸಾಲೆಯಲ್ಲಿ ಹಾಕಿದ್ದ ಮಣೆಯ ಮೇಲೆ ನನ್ನನ್ನು ಕೂರಿಸಿ ಮರಿಯನ್ನು ತೊಡೆಗೆ ಕೊಟ್ಟರು. ಆಯಿ ನನ್ನ ಹಣೆಗೆ ಕುಂಕುಮ ಹಚ್ಚಿದರು. ಮರಿಗೂ ಹಚ್ಚಿದರು; ಅದು ಕುಂಕುಮ ನೆಕ್ಕಲು ನಾಲಗೆ ಚಾಚಿ, ಹಣೆಗೆ ಎಟುಕದೆ, ಎದುರಿಗಿದ್ದ ನನ್ನ ಹಣೆಯನ್ನು ನೆಕ್ಕಿತು. ಕಿವಿಯವರು ಬಿಳಿ ಅಂಗಿ ತೊಟ್ಟ ಸಭ್ಯ ಮನುಷ್ಯ. ಸ್ಟೀಲ್ ಡಬ್ಬಿಯಿಂದ ಕತ್ತರಿ ತೆಗೆದು ಬಿಸಿನೀರು ಕೇಳಿದರು. ತಮಗೆ ಸಿಂಧನೂರಿನಲ್ಲಿ ಇನ್ನೊಂದು ಮರಿ ಇದೆ, ಬೇಗ ಆಗಬೇಕು ಅಂದರು. ಕುಂಕುಮ, ಆರತಿ ತಟ್ಟೆ ನೋಡಿ ಅವರು, "ಇದೇನ್ರಿ, ಪೂಜಿ ಐತೇನು?" ಎಂದು ಕೇಳಿದರು. ಆಯಿ ಆರತಿ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು.

ಹುಡುಗಿ ಅವರ ಎದುರಿಗೆ ಬಂದು ನಿಂತಳು. "ನೋವಾಕೈತೇನ್ರಿ?"

"ಇಂಜೆಕ್ಷನ್ ಕೊಡತೀನಲ್ಲವ್ವ, ತಿಳಿಯಂಗಿಲ್ಲ."

"ಇಂಜೆಕ್ಷನ್ ಇಳದ ಮ್ಯಾಲ?"

ಕಿವಿಯವರು ಭಾವನ ಕಡೆ ನೋಡಿದರು. ಭಾವ ನನ್ನ ಕಡೆ ನೋಡಿದರು. ಆಯಿ ನನ್ನ ಕೈಯಲ್ಲಿದ್ದ ಕೊರಳಪಟ್ಟಿ ನೋಡಿದರು.

"ಮಾವ ಏನು ತಂದಿ? ಇದೇನು, ಕೊರಳಿಗಾತು. ಕಿವಿಗೆ?"

"ಕಿವಿಗೆ ಏನೂ ತಂದಿಲ್ರಿ ಆಯಿ."

"ಚುಚ್ಚಿದ ಕಿವಿಗೆ ಮಾವ ಬಂಗಾರ ಇಡಬೇಕು. ಕೊಯ್ದ ಕಿವಿಗೆ ಏನಿಡತಾನ? ಎಲ್ಲಿಡತಾನ?"

"ಯವ್ವಾ," ಅಂದರು ಭಾವ, "ನಾಯಿಗ್ಯಾರ ಬಂಗಾರ ಇಡತಾರ?"

"ನಾಯಿಗ್ಯಾರ ತೊಟ್ಟಿಲು ಕಟ್ಟತಾರ? ವಿಡಿಯೊ ತಗದಾವ ನೀನ."

ಆಗ ಎಲ್ಲರೂ ನನ್ನನ್ನು ನೋಡತೊಡಗಿದರು. ಮರಿ ನನ್ನ ತೊಡೆಯ ಮೇಲೆ ಮಲಗಿ ಕೊರಳಪಟ್ಟಿ ಕಡಿಯುತ್ತಿತ್ತು. ಎರಡು ಪಕ್ಷದ ಮಾತನ್ನೂ ಬರೆದುಕೊಂಡು ಬದಿಗೆ ಸರಿಯುವುದು ನನ್ನ ಅಭ್ಯಾಸ. ತೊಡೆಯ ಮೇಲೆ ಮರಿ ಇರುವಾಗ ಬದಿಗೆ ಸರಿಯಲು ಬರುವುದಿಲ್ಲ. ಕಿವಿಗೆ ರೋಗವಿಲ್ಲ. ನೋವು ಮರಿಗೆ. ಬೇಕಾಗಿರುವುದು ಭಾವನಿಗೆ. ಅದಕ್ಕೂ ಮೇಲೆ ಹುಡುಕಿದರೆ ನನಗೆ ಬೇರೆ ಸಂಗತಿ ಸಿಗಲಿಲ್ಲ.

"ಭಾವ, ತೊಡಿ ಕೊಡಂಗಿಲ್ಲ," ಅಂದೆ.

ಹುಡುಗಿ ಉಸಿರು ಬಿಟ್ಟದ್ದು ಅಡುಗೆಮನೆಗೂ ಕೇಳಿಸಿತು.

"ಬ್ಯಾಡ ಬಿಡು," ಅಂದರು ಭಾವ. "ನಂದೇನು ತೊಡಿ ಇಲ್ಲೇನು?"

"ಮಾವ ಇದ್ದಾಗ ಅಪ್ಪನ ತೊಡಿ ಮ್ಯಾಲ ಕುಂದ್ರಿಸಿದ್ರ ಮಾವ ಸತ್ತಂಗ," ಅಂದರು ಆಯಿ.

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಒಂದು ನಾಯಿ ಕಿವಿ ಸಲುವಾಗಿ ನನ್ನ ತಮ್ಮನ್ನ ಸಾಯಸ್ತೀರೇನ್ರಿ?"

"ಸಾಯಲ್ಲ ತಗೋ, ಕುಂತಾನಲ್ಲ ಗುಂಡಕಲ್ಲ ಕುಂತಂಗ," ಎಂದು ಭಾವ ನನ್ನನ್ನು ಮಣೆಯಿಂದ ಎಬ್ಬಿಸಿ ತಾವು ಕುಳಿತರು. ಮರಿಯನ್ನು ತೊಡೆಗೆ ಎಳೆದುಕೊಂಡರು. ನಗೆ ಅಲ್ಲಿಗೆ ನಿಂತಿತು. ಮಗಳು ಗೋಡೆಗೆ ಆತುಕೊಂಡಳು. ಕಿವಿಯವರು ಸಿರಿಂಜ್ ತೆಗೆದಿಟ್ಟುಕೊಂಡು, ಮೊದಲು ಎಷ್ಟು ಕತ್ತರಿಸಬೇಕೆಂದು ಗುರುತು ಹಾಕಬೇಕು, ಕಿವಿ ತುದಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಎತ್ತಿರಿ ಅಂದರು. ಭಾವ ಹಿಡಿದರು.

ಸಂಜೆಯ ಹೊತ್ತು ಗೋದಾಮಿನಲ್ಲಿ ಫೋನಿನಲ್ಲಿ ಮಾತಾಡುವಾಗ ಭಾವನ ಇನ್ನೊಂದು ಕೈ ಯಾವಾಗಲೂ ಮರಿಯ ಕಿವಿಯ ಮೇಲೆ ಇರುತ್ತದೆ, ಹೆಬ್ಬೆರಳಿನಿಂದ ತಿಕ್ಕುತ್ತಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮರಿಗೆ ಗೊತ್ತಿತ್ತು. ಕಿವಿ ಬೆರಳಿಗೆ ಸಿಕ್ಕಿದ್ದೇ ತಡ ಅದು ಕಣ್ಣು ಮುಚ್ಚಿ ತಲೆಯನ್ನು ಅವರ ಅಂಗೈಗೆ ಒಡ್ಡಿತು.

ಕಿವಿಯವರು ಸ್ಕೆಚ್ ಪೆನ್ ಹಿಡಿದು ಕಾದರು. "ಸಾವಕಾರ್ರ, ಬಿಗಿ ಹಿಡೀರಿ."

"ಹಿಡದೀನ್ರಿ."

"ಎಲ್ಲಿ ಹಿಡದೀರಿ, ತಿಕ್ಕಾಕತ್ತೀರಲ್ಲ."

ಭಾವ ಬೆರಳು ನಿಲ್ಲಿಸಿದರು. ಮರಿ ಒಂದು ಕಣ್ಣು ತೆರೆದು, ಯಾಕೆ ನಿಂತಿತೆಂಬಂತೆ ನೋಡಿ, ಕೈಯನ್ನು ಮೂತಿಯಿಂದ ದೂಡಿತು. ಬೆರಳು ಮತ್ತೆ ಶುರುವಾಯಿತು. ಕಿವಿಯವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಹಂಗ ತಿಕ್ಕಿದ್ರ ಗೆರಿ ಸೊಟ್ಟ ಬರತೈತ್ರಿ," ಅಂದರು. ಮೊದಲು ನಕ್ಕವಳು ಅಕ್ಕ. ಆಮೇಲೆ ಆಯಿ. ಮಗಳು ನಗಬೇಕೋ ಬೇಡವೋ ತಿಳಿಯದೆ ಅಪ್ಪನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಭಾವ ತಲೆ ತಗ್ಗಿಸಿದ್ದರು, ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೇನೋ ಅಂದುಕೊಂಡೆ. ಮುಖ ಎತ್ತಿದಾಗ ನೋಡಿದರೆ ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

"ಇದಕ್ಕ ನಾ ಮುದ್ದು ಮಾಡಾಕತ್ತೀನಿ ಅಂತ ತಿಳದೈತ್ರಿ ಇದು," ಎಂದು ಕಿವಿಯವರಿಗೆ ಹೇಳಿದರು. "ಚಾ ಕುಡದು ಹೋಗ್ರಿ. ಸಿಂಧನೂರಿಗೆ ತಡ ಆಕೈತಿ."

ಕಿವಿಯವರು ಚಹಾ ಕುಡಿದರು, ಮಂಡಕ್ಕಿ ಒಗ್ಗರಣೆಯನ್ನೂ ಮಿರ್ಚಿಯನ್ನೂ ತಿಂದರು. ಹೊರಡುವಾಗ ಆಯಿ ಅವರಿಗೆ ಎಲೆ ಅಡಿಕೆ ಕೊಟ್ಟರು. ಸಿಂಧನೂರಿನ ಮನೆಯವರಿಗೆ, "ಅಲ್ಲಿ ಮರಿಗೆ ಸ್ವಾದರಮಾವ ಅದಾನೇನು ಕೇಳ್ರಿ ಮೊದಲ," ಎಂದು ಹೇಳಿ ಕಳಿಸಿದರು. ಅಲ್ಲಿ ಏನಾಯಿತೆಂಬ ಮಾಹಿತಿ ನನಗೆ ಲಭ್ಯವಾಗಿಲ್ಲ.

ಮರಿಗೆ ಈಗ ವರ್ಷ ತುಂಬಿದೆ. ಕಿವಿ ಎರಡೂ ಇಳಿಬಿದ್ದೇ ಇವೆ. ಓಡುವಾಗ ಹಿಂದಕ್ಕೆ ಮಡಚಿಕೊಂಡು ಒಳಗಿನ ಗುಲಾಬಿ ಬಣ್ಣ ಕಾಣುತ್ತದೆ. ಗೋದಾಮಿಗೆ ಬರುವ ಲಾರಿ ಚಾಲಕರು ಇದು ಯಾವ ಜಾತಿ ಎಂದು ಕೇಳುತ್ತಾರೆ. "ನಮ್ಮ ಜಾತಿ," ಅನ್ನುತ್ತಾರೆ ಭಾವ.

ಈ ತಿಂಗಳು ಮನೆಯಲ್ಲಿ ಬೇರೆ ಚರ್ಚೆ ಶುರುವಾಗಿದೆ. ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಅದರ ಆರೋಗ್ಯಕ್ಕೆ ಒಳ್ಳೆಯದೆಂದು ಪಶುವೈದ್ಯರು ಹೇಳಿದ್ದಾರೆ. ಮಾಡಿಸಲೇಬೇಕೆಂದು ಹಟ ಹಿಡಿದವಳು ಮಗಳು. ವೈದ್ಯರ ಮಾತನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಾಳೆ. ಭಾವ, "ಅದನ್ನ ಕೇಳದಂಗ ಅದರ ಮೈಗೆ ಕತ್ತರಿ ಹಚ್ಚಾಕ ನಾವ್ಯಾರು?" ಅನ್ನುತ್ತಿದ್ದಾರೆ. ಇದಕ್ಕೆ ಸೋದರಮಾವನ ಅಗತ್ಯವಿಲ್ಲ ಎಂದು ಆಯಿ ಸ್ಪಷ್ಟಪಡಿಸಿದ್ದಾರೆ.

ಸರ್ಕಾರಿ ಪಶು ಆಸ್ಪತ್ರೆಯವರು ಮುಂದಿನ ಗುರುವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ನಿನ್ನೆ ಸಂಜೆಯವರೆಗೆ ಭಾವ ಒಪ್ಪಿಲ್ಲ.